ಒಂಬತ್ತನ್ನು ತಪ್ಪು ಅಂದವನು

ಕಾರವಾರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಎರಡು ದಿನದ ಕಂಪ್ಯೂಟರ್ ತರಬೇತಿ ಇತ್ತು. ಕಲಿಸಲು ಹೋದವನು ನಾನು, ಹೈಸ್ಕೂಲಿನ ಗಣಿತ ಮಾಸ್ತರ. ಪ್ರೋಗ್ರಾಮು ಬರೆಯುವ ಭಾಷೆ ಪೈಥಾನ್, ಹೊಸಬರಿಗೆ ಸುಲಭವೆಂದು ಹೆಸರಾದದ್ದು. ನಾನು ಬರೆದುಕೊಂಡು ಹೋಗಿದ್ದ ಪ್ರೋಗ್ರಾಮು ‘ಯಾವ ಮಗ್ಗಿ ಬೇಕು?’ ಎಂದು ಕೇಳುತ್ತಿತ್ತು. ಅಂಕಿ ಒತ್ತಿದರೆ ಮಗ್ಗಿ ಬರುತ್ತಿತ್ತು. ಅಂಕಿಯ ಬದಲು ಅಕ್ಷರ ಒತ್ತಿದರೆ ಪೈಥಾನ್ ಕೆಂಪು ಸಾಲುಗಳನ್ನು ಕಾರಿ ನಿಂತುಬಿಡುತ್ತದೆ. ಹಾಗಾಗದಿರಲೆಂದು ನಾನೇ ಒಂದು ಕಾವಲು ಹಾಕಿದ್ದೆ. ಒತ್ತಿದ್ದು 0ಯಿಂದ 9ರ ಪಟ್ಟಿಯಲ್ಲಿ ಇಲ್ಲದಿದ್ದರೆ ‘ತಪ್ಪು! ಅಂಕಿ ಮಾತ್ರ ಒತ್ತಿ’ ಎಂದು ತೋರಿಸಿ ಮತ್ತೆ ಕೇಳುತ್ತಿತ್ತು. ಆ ಕಾವಲಿನ ಬಗ್ಗೆ ನನಗೆ ಬಹಳ ಹೆಮ್ಮೆ.

ಮೂರನೇ ಸಾಲಿನಲ್ಲಿ ಅಕ್ಕೋರು ಕೂತಿದ್ದರು. ನಮ್ಮ ಕಡೆ ಶಿಕ್ಷಕಿಯರನ್ನು ಹಾಗೆಯೇ ಕರೆಯುವುದು. ಕೇಣಿಯ ಶಾಲೆಯ ಒಂದನೇ ಇಯತ್ತೆಯಲ್ಲಿ ನನಗೆ ಕಲಿಸಿದವರು ಅವರೇ. ೬ ಮತ್ತು ೯ರಲ್ಲಿ ಯಾವುದರ ಬಾಲ ಯಾವ ಕಡೆಗೆಂದು ತಿಳಿಯದೆ ನಾನು ಅಳುತ್ತಿದ್ದಾಗ ಕೈ ಹಿಡಿದು ಪಾಟಿಯ ಮೇಲೆ ತಿದ್ದಿಸಿದವರು. ಈಗ ಸುಂಕಸಾಳದ ಆಚೆಯ ಸಣ್ಣ ಶಾಲೆಯಲ್ಲಿದ್ದರು, ನಿವೃತ್ತಿಗೆ ಒಂದು ವರ್ಷ ಬಾಕಿ. ನೋಡಿದ ಕೂಡಲೇ ಗುರುತು ಸಿಕ್ಕಿತು. ಆದರೂ ಮಾತಾಡಿಸಲಿಲ್ಲ. ಅಷ್ಟು ಜನರೆದುರು ನಾನು ‘ಸರ್’ ಆಗಿದ್ದೆನಲ್ಲ, ಮೂಗು ಸೋರುವ ಹುಡುಗನಾಗಲು ಮನಸ್ಸಾಗಲಿಲ್ಲ.

ಅಕ್ಕೋರ ಕೀಲಿಮಣೆ ಕನ್ನಡದಲ್ಲಿತ್ತು. ಅವರು ೯ ಒತ್ತಿದರು. ‘ತಪ್ಪು! ಅಂಕಿ ಮಾತ್ರ ಒತ್ತಿ.’ ಇನ್ನೊಮ್ಮೆ ಒತ್ತಿದರು. ಮತ್ತೆ ತಪ್ಪು. ಪಕ್ಕದವರು ಕಿಸಕ್ಕನೆ ನಕ್ಕರು.

“ತಮ್ಮಾ...” ಎಂದವರು ಸುತ್ತ ನೋಡಿ ತಿದ್ದಿಕೊಂಡರು. “ಸರ್, ಇದೂ ಅಂಕಿನೇ ಅಲ್ದಾ? ನಮ್ಮ ಶಾಲೆ ಗೋಡೆ ತುಂಬಾ ನಾನೇ ಬರ್ದದ್ದು ಇದೇ ಅಂಕಿ. ಮಕ್ಕಳು ಅದ್ನೇ ನೋಡ್ಕೊಂಡು ಕಲಿತವೆ.”

“ಗೋಡೆಗೆ ಅದು ಅಂಕಿ ಅಕ್ಕೋರೆ, ಕಂಪ್ಯೂಟರಿಗಲ್ಲ. ಅದಕ್ಕೆ ಇದೆಲ್ಲ ಗೊತ್ತಾಗೂದಿಲ್ಲ” ಎಂದೆ. ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ಅಕ್ಕೋರು ೯ನ್ನು ಅಳಿಸಿ, ಪಕ್ಕದವರನ್ನು ಕೇಳಿ ಕೀಲಿಮಣೆಯನ್ನು ಇಂಗ್ಲಿಷಿಗೆ ಬದಲಿಸಿ, 9 ಒತ್ತಿದರು. ಆಮೇಲೆ ತರಬೇತಿ ಮುಗಿಯುವವರೆಗೂ ಏನೂ ಕೇಳಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಕದ್ವಾಡದ ನನ್ನ ಮನೆಯಲ್ಲಿ ಚಾ ಕುಡಿಯುತ್ತ, ನನ್ನ ಮಾತೇ ಸರಿ ಎಂದು ಖಚಿತ ಮಾಡಿಕೊಳ್ಳಲು ಕಾವಲಿನ ಸಾಲುಗಳನ್ನು ತೆಗೆದುಹಾಕಿ ೯ ಒತ್ತಿದೆ. ಕೆಂಪು ಸಾಲು ಬರುತ್ತದೆಂದು ಕಾದೆ. ಒಂಬತ್ತರ ಮಗ್ಗಿ ಬಂತು. ೧೨ ಒತ್ತಿದೆ, ಹನ್ನೆರಡರದ್ದೂ ಬಂತು. ಕನ್ನಡದ ಅಂಕಿ ಪೈಥಾನಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿಲ್ಲದವನು ನಾನು. ಅಕ್ಕೋರನ್ನು ಬಾಗಿಲಲ್ಲೇ ತಡೆದದ್ದು ನನ್ನ ಮೂರು ಸಾಲು, ಗಣಕಯಂತ್ರವಲ್ಲ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಅಂದೇ ಫೋನ್ ಮಾಡಬಹುದಿತ್ತು. ತರಬೇತಿಯ ಹಾಜರಿ ಪಟ್ಟಿಯಲ್ಲಿ ಅವರ ನಂಬರ್ ಇತ್ತು. ನಾನು ಮಾಡಿದ್ದೆಂದರೆ ಕಾವಲನ್ನು ಗುಟ್ಟಾಗಿ ತಿದ್ದಿದ್ದು. ಒತ್ತಿದ್ದನ್ನು ಪಟ್ಟಿಗೆ ಹೋಲಿಸುವುದು ಬಿಟ್ಟು, ಮೊದಲು ಪೈಥಾನಿಗೇ ಕೊಟ್ಟು ನೋಡುವುದು, ಅದು ಆಗದೆಂದರೆ ಮಾತ್ರ ‘ದಯವಿಟ್ಟು ಇನ್ನೊಮ್ಮೆ ಒತ್ತಿ’ ಎನ್ನುವುದು. ಪ್ರೋಗ್ರಾಮು ಸಭ್ಯವಾಯಿತು. ನಾನು ಮಾತ್ರ ಇವತ್ತು, ನಾಳೆ ಎನ್ನುತ್ತ ನಾಲ್ಕು ತಿಂಗಳು ತಳ್ಳಿದೆ.

ಕೊನೆಗೆ ಒಂದು ಶನಿವಾರ ಅಂಕೋಲೆಯಲ್ಲಿ ಯಲ್ಲಾಪುರದ ಬಸ್ಸು ಹತ್ತಿದೆ. ಸುಂಕಸಾಳದಲ್ಲಿಳಿದು ಶಾಲೆಗೆ ನಡೆದೆ. ಅಕ್ಕೋರು ಅಂಗಳದಲ್ಲೇ ಸಿಕ್ಕರು. “ತಮ್ಮಾ, ನೀನಾ!” ಎಂದು ಕೈ ಹಿಡಿದು ಒಳಗೆ ಕರೆದೊಯ್ದರು. ತರಗತಿಯ ಗೋಡೆ ಹೊಸ ಬಣ್ಣದಲ್ಲಿ ಹೊಳೆಯುತ್ತಿತ್ತು. ಅದರ ಮೇಲೆ ದುಂಡಗೆ 1ರಿಂದ 100. ಕೆಳಗಿನ ಮೂಲೆಯಲ್ಲಿ ಬಣ್ಣ ತೆಳುವಾಗಿದ್ದ ಕಡೆ ಹಳೆಯ ೯ರ ಬಾಲ ಇಣುಕುತ್ತಿತ್ತು.

“ನಾನೇ ಅಳಿಸ್ದೆ. ನಾಳೆ ಈ ಮಕ್ಕಳು ಕಂಪ್ಯೂಟರ್ ಮುಂದೆ ಕೂತಾಗ ನನ್ನ ಹಾಗೆ ನಗೆಪಾಟ್ಲಾಗೂದು ಬೇಡ ಅಂತ” ಎಂದರು. ಧ್ವನಿಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ.

“ಕಂಪ್ಯೂಟರಿಗೆ ಗೊತ್ತಿತ್ತು ಅಕ್ಕೋರೆ. ನಾನೇ ತಪ್ಪು ಬರ್ದಿದ್ದೆ” ಎಂದಷ್ಟೇ ಹೇಳಿದೆ.

ಅವರು ಗೋಡೆ ನೋಡಿದರು, ನನ್ನನ್ನು ನೋಡಿದರು.

“ನಿಂಗೆ ಯಾವಾಗ ಗೊತ್ತಾಯ್ತು?”

“ಮರುವಾರನೇ.”

ಅಕ್ಕೋರು ಮೂಲೆಯ ಆ ೯ರ ಬಾಲದ ಮೇಲೆ ಬೆರಳಾಡಿಸಿದರು. ಆಮೇಲೆ ಹೇಳಿದರು, “ಗೋಡೆ ಅಳಿಸಿದ್ದು ಹೋದ ತಿಂಗಳು, ತಮ್ಮಾ.”