ಕೊನೆಯ ಹಾಡಿನ ಹೊತ್ತಿಗೆ ಬಸ್ಸು ತಣ್ಣಗಿರಬೇಕು

ನಮ್ಮ ಭಾವ ಬಸ್ ಡ್ರೈವರ್. ಮಾತು ಡೀಸೆಲ್‌ಗಿಂತ ದುಬಾರಿ ಎಂದು ನಂಬಿಕೊಂಡ ಮನುಷ್ಯ. ಅಕ್ಕನನ್ನು ಮದುವೆಯಾದ ಮೇಲೆ ಇಷ್ಟು ವರ್ಷಗಳಲ್ಲಿ ಅವರು ನನ್ನ ಹತ್ತಿರ ಆಡಿದ ಮಾತನ್ನೆಲ್ಲ ಕೂಡಿಸಿದರೂ, ನಾನು ಒಂದು ಬೆಳಿಗ್ಗೆ ಕ್ಲಿನಿಕ್ಕಿನ ಫೋನಿನಲ್ಲಿ ಆಡುವಷ್ಟಾಗುವುದಿಲ್ಲ. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನಲ್ಲಿ ಕೂರುವವಳು. ಜನರ ಬಾಯಿ ತೆರೆಸುವುದೇ ನಮ್ಮಲ್ಲಿ ಕಸುಬು. ಭಾವನ ಬಾಯಿ ಮಾತ್ರ ನನ್ನಿಂದಲೂ ತೆರೆಸಲಾಗಲಿಲ್ಲ.

ಅವರ ಪ್ರಾಣವೆಲ್ಲ ಆ ನೀಲಿ ಬಸ್ಸಿನಲ್ಲಿ. ಬೆಳಿಗ್ಗೆ ಎದ್ದು ಹಳದಿ ಬಟ್ಟೆ ಹಿಡಿದು ಅದರ ಮೈ ಒರೆಸದಿದ್ದರೆ ಅವರಿಗೆ ತಿಂಡಿ ಇಳಿಯುವುದಿಲ್ಲ. ಬಸ್ಸಿನ ಕೀಲಿಯನ್ನು ಕರಿ ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಾರೆ, ಸ್ನಾನಕ್ಕೆ ಹೋದರೆ ಬಚ್ಚಲ ಬಾಗಿಲ ಒಳಮೊಳೆಗೆ ತೂಗುಹಾಕುತ್ತಾರೆ. ಒಣ ಗಾಜಿನ ಮೇಲೆ ವೈಪರ್ ಓಡಿಸಿದ್ದಕ್ಕೆ ಬಸ್ಸಿನ ಮಾಲೀಕರನ್ನೇ ಒಮ್ಮೆ ಬೈದು ಕೆಳಗಿಳಿಸಿದ್ದರು. ಅಕ್ಕ ಆ ಬಸ್ಸನ್ನು "ನನ್ನ ಸವತಿ" ಎಂದೇ ಕರೆಯುವುದು. ಅವಳು ಮನೆಯಲ್ಲೇ ಕಿಟಕಿ ಪರದೆ ಹೊಲಿಯುವವಳು, ಬಸ್ಸಿನ ಪರದೆಗಳೂ ಅವಳ ಹೊಲಿಗೆಯೇ. "ಸವತಿಗೆ ಬಟ್ಟೆ ಹೊಲಿದುಕೊಟ್ಟ ಹೆಂಡತಿ ಲೋಕದಲ್ಲಿ ನಾನೊಬ್ಬಳೇ ಇರ್ಬೇಕು ಕಣೇ" ಎಂದು ಮೆಷಿನ್ನಿನ ಮುಂದೆ ಕೂತು ನಗುತ್ತಾಳೆ.

ನನ್ನ ಹುಚ್ಚು ಬೇರೆ. ನಾಲ್ಕು ಜನರ ಒಂದು ರಾಕ್ ತಂಡವಿದೆ. ನಾವು ಅಭಿಮಾನಿಗಳು ಅವರನ್ನು "ನಮ್ಮೋರು" ಎನ್ನುತ್ತೇವೆ. ಹಾಡುವವನಿಗೆ ನಾವಿಟ್ಟ ಹೆಸರು ಜಿರಾಫೆ, ಡ್ರಮ್ ಬಾರಿಸುವವನಿಗೆ ಸಿಡಿಲು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ನಮ್ಮೋರು ಪಕ್ಕದ ದೊಡ್ಡ ಊರಿನ ಆಟದ ಮೈದಾನಕ್ಕೆ ಬರುತ್ತಾರೆ. ಸುತ್ತ ಮನೆಗಳಿರುವುದರಿಂದ ಮಟಮಟ ಮಧ್ಯಾಹ್ನ ಶುರು ಮಾಡಿ ಬೆಳಕಿರುವಾಗಲೇ ಮುಗಿಸಬೇಕು. ಒಬ್ಬ ಬಡಗಿ, ಲೆಕ್ಕದ ಮೇಷ್ಟ್ರು, ಇಬ್ಬರು ನರ್ಸುಗಳು, ಅವರ ಅಕ್ಕ ತಂಗಿ ನೆಂಟರು ಎಲ್ಲರನ್ನೂ ಕೂಡಿಸಿಕೊಂಡು ಒಂದು ಬಸ್ ಹೊರಡಿಸುವುದು ನನ್ನ ಜವಾಬ್ದಾರಿ. ಬಸ್ಸು ಭಾವ ಓಡಿಸುವುದೇ. ಬಸ್ಸಿನಲ್ಲಿ ಅವರಿಗೆ ಗುಮ್ಮಣ್ಣ ಎಂದು ಹೆಸರು ಬಿದ್ದಿತ್ತು.

ಮೊದಲ ವರ್ಷ ಒಂದು ಫಜೀತಿಯಾಗಿತ್ತು. ಹಾಡು ಮುಗಿಸಿ ಬೆವರು ಸುರಿಸುತ್ತ ಬಂದು ಹತ್ತಿದರೆ ಬಸ್ಸು ಕಾದ ಒಲೆ. ಚಿಕ್ಕ ನರ್ಸಿಗೆ ತಲೆ ಸುತ್ತಿತು. "ಡ್ರೈವರ್ ಮಲಗಿದ್ರು ಅಂತ ಕಾಣುತ್ತೆ" ಎಂದು ಬಡಗಿ ಎಲ್ಲರಿಗೂ ಕೇಳುವ ಹಾಗೆ ಗೊಣಗಿದ. ಮರುವರ್ಷದಿಂದ ನಾವು ಬರುವ ಹೊತ್ತಿಗೆ ಬಸ್ಸು ಮಡಕೆಯ ನೀರಿನ ಹಾಗೆ ತಣ್ಣಗಿರುತ್ತಿತ್ತು. ಹತ್ತಿ ಕೂತು ಹಾಯ್ ಎನ್ನುವುದು ನಮಗೆ ರೂಢಿಯಾಯಿತು.

ಹೀಗೆ ಏಳೆಂಟು ವರ್ಷ ನಡೆದಿರಬೇಕು. ಒಂದು ಸಲ ವಾಪಸ್ ಬರುವಾಗ ಮೇಷ್ಟ್ರಿಗೂ ಬಡಗಿಗೂ ಜಗಳ ಹತ್ತಿಕೊಂಡಿತು. ಕೊನೆಯದಕ್ಕಿಂತ ಹಿಂದಿನ ಹಾಡಿನಲ್ಲಿ ಸಿಡಿಲು ಒಬ್ಬನೇ ಡ್ರಮ್ ಬಾರಿಸುವ ಜಾಗವೊಂದಿದೆ. ಈ ಸಲ ಅದು ಉದ್ದವಾಗಿತ್ತು ಎಂದು ಬಡಗಿ, ಇಲ್ಲವೇ ಇಲ್ಲ ಎಂದು ಮೇಷ್ಟ್ರು. ಇಬ್ಬರೂ ಕೈಕೈ ಮಿಲಾಯಿಸುವ ಹಂತಕ್ಕೆ ಬಂದಾಗ ಡ್ರೈವರ್ ಸೀಟಿನಿಂದ ಒಂದು ಸ್ವರ ಬಂತು.

"ಉದ್ದ ಆಗಿರಲಿಲ್ಲ. ನಡುವೆ ಎರಡು ಸಲ ನಿಲ್ಲಿಸಿ ಶುರು ಮಾಡಿದ. ಅದಕ್ಕೇ ಉದ್ದ ಅನ್ನಿಸಿದ್ದು."

ಸೀಟೇ ಮಾತಾಡಿದ್ದರೂ ನಮಗೆ ಅಷ್ಟು ಆಶ್ಚರ್ಯವಾಗುತ್ತಿರಲಿಲ್ಲ.

"ನಿಮಗೆ ಹೇಗೆ ಗೊತ್ತು ಗುಮ್ಮಣ್ಣ?" ಎಂದರು ಮೇಷ್ಟ್ರು.

"ಸಿಡಿಲು ಒಬ್ಬನೇ ಬಾರಿಸುವಾಗ ಎಡಗಡೆ ಮೂರನೇ ಗಾಜು ಅದುರುತ್ತೆ. ಬೇರೆ ಯಾವ ಹಾಡಿಗೂ ಅದುರಲ್ಲ. ಈ ಸಲ ನಡುವೆ ಎರಡು ಸಲ ಸುಮ್ಮನಾಯ್ತು."

ಆಮೇಲೆ ಏನು ಕೇಳುತ್ತೀರಿ! ಭಾವನಿಗೆ ಪರೀಕ್ಷೆಯೇ ನಡೆಯಿತು. ಯಾವ ವರ್ಷ ಜಿರಾಫೆಗೆ ನೆಗಡಿಯಾಗಿತ್ತು, ಯಾವ ವರ್ಷ ಗಿಟಾರಿನವನು ಹೊಸ ಗಿಟಾರ್ ತಂದು ಕೈಸುಟ್ಟುಕೊಂಡ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿತ್ತು. ಮೈದಾನಕ್ಕೆ ಚಾವಣಿಯಿಲ್ಲ, ಸದ್ದು ವಾಹನ ನಿಲ್ಲುವ ಬಯಲಿಗೂ ಬರುತ್ತದೆ. ನಾವು ಒಳಗೆ ಕುಣಿಯುವಾಗ ನಮ್ಮ ಗುಮ್ಮಣ್ಣ ಸ್ಟೇರಿಂಗ್ ಮೇಲೆ ಗಲ್ಲವಿಟ್ಟು ಎಲ್ಲವನ್ನೂ ಕೇಳುತ್ತಿದ್ದರು. ನನ್ನ ಸ್ವಂತ ಭಾವ ನಮ್ಮೋರ ಅಭಿಮಾನಿ ಎಂದು ನನಗೆ ತಿಳಿದದ್ದು ಹೀಗೆ.

"ಹಾಗಾದ್ರೆ ಕೊನೇ ಹಾಡಿನ ಬಗ್ಗೆ ಏನು ಹೇಳ್ತೀರಿ?" ಎಂದಳು ದೊಡ್ಡ ನರ್ಸು.

ಭಾವ ಗೇರ್ ಬದಲಾಯಿಸಿದರು. "ಅದನ್ನ ಕೇಳಿಲ್ಲ."

"ಅಯ್ಯೋ, ಯಾಕೆ?"

"ಆಗ ಇಂಜಿನ್ ಹಾಕಿರ್ತೀನಲ್ಲ. ಏಸಿ ಸದ್ದೂ ಸೇರಿಕೊಳ್ಳುತ್ತೆ. ಏನೂ ಕೇಳಿಸಲ್ಲ."

ಇದ್ದಕ್ಕಿದ್ದಂತೆ ಬಸ್ಸಿನಲ್ಲಿ ತಣ್ಣನೆ ಗಾಳಿ ಹೆಚ್ಚೇ ಆಯಿತು ಅನಿಸಿತು. ಬಡಗಿ ತನ್ನ ತಲೆಯ ಮೇಲಿನ ಗಾಳಿಕಿಂಡಿಯನ್ನು ಮೆಲ್ಲಗೆ ಮುಚ್ಚಿದ.

"ಟೇಪಿನಲ್ಲಿ ಹಾಕ್ಕೊಂಡು ಕೇಳಿದೀನಿ" ಎಂದರು ಭಾವ. ಅವತ್ತು ಅವರಿಗೆ ಏನಾಗಿತ್ತೋ, ಮಾತು ನಿಲ್ಲಿಸಲಿಲ್ಲ. "ಆದ್ರೆ ನೀವೆಲ್ಲ ಅದನ್ನ ಕೇಳಿ ಬಂದು ಹತ್ತುವಾಗ ನಿಮ್ಮ ಮುಖ ಬೇರೆ ಥರ ಇರುತ್ತೆ. ಟೇಪು ಕೇಳಿದ್ರೆ ನನ್ನ ಮುಖ ಹಾಗಾಗಲ್ಲ. ಕನ್ನಡೀಲಿ ನೋಡ್ಕೊಂಡಿದೀನಿ. ಅಂಥದ್ದು ಅಲ್ಲಿ ಏನು ಮಾಡ್ತಾರೆ?"

ಬಡಗಿ ಹೇಳಲು ಬಾಯಿ ತೆರೆದ. ದೊಡ್ಡ ನರ್ಸು ಅವನ ತೋಳು ಚಿವುಟಿದಳು. "ಹೇಳ್ಬೇಡಿ. ಅವರೇ ಬಂದು ನೋಡಲಿ."

ಮರುವರ್ಷ ನಾವೆಲ್ಲ ಸೇರಿ ಭಾವನಿಗೂ ಒಂದು ಟಿಕೆಟ್ ತೆಗೆದೆವು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕೈಗೇ ವಾಪಸ್ ಕೊಟ್ಟರು. "ಬಸ್ಸನ್ನ ಯಾರು ನೋಡ್ಕೋತಾರೆ?" ಬಯಲಿನಲ್ಲಿ ಬಸ್ಸಿಗೊಬ್ಬರು ಇರಲೇಬೇಕು ಎಂಬ ನಿಯಮವಿತ್ತು, ನಿಜ. ಆದರೆ ನಾನು ಹೇಳಿದ ಯಾರನ್ನೂ ಅವರು ಒಪ್ಪಲಿಲ್ಲ. ಒಬ್ಬನಿಗೆ ಸಿಗರೇಟಿನ ಚಟ, ಇನ್ನೊಬ್ಬ ಕುರುಕಲು ತಿಂದು ಸೀಟಿನ ಸಂದಿಗೆ ತುರುಕುತ್ತಾನೆ. ನನಗೂ ರೇಗಿತು. "ನಿಮ್ಮ ಬಸ್ಸನ್ನ ತಲೆ ಮೇಲೆ ಹೊತ್ಕೊಂಡು ಒಳಗೆ ಬನ್ನಿ ಹಾಗಾದ್ರೆ!" ಎಂದೆ.

ಪರದೆಯೊಂದರ ಅಂಚು ಮಡಚುತ್ತಿದ್ದ ಅಕ್ಕ ಮೆಷಿನ್ ನಿಲ್ಲಿಸಿದಳು. "ನಾನು ಕೂತ್ಕೋತೀನಿ ಕಣ್ರೀ. ಸವತಿ ಜೊತೆ ಒಂದು ಮಧ್ಯಾಹ್ನ ಕಳೆದ್ರೆ ನನ್ನ ಗಂಟೇನೂ ಹೋಗಲ್ಲ."

ಅಕ್ಕನಿಗೆ ನಮ್ಮೋರೆಂದರೆ ಅಷ್ಟಕ್ಕಷ್ಟೇ. ತಗಡು ಬಡಿಯೋ ಸದ್ದು ಎನ್ನುತ್ತಿದ್ದಳು. ಅವಳೇ ಮುಂದೆ ಬಂದಾಗ ಭಾವನಿಗೆ ನೆಪವೇ ಉಳಿಯಲಿಲ್ಲ. ಆ ವಾರವೆಲ್ಲ ಸಂಜೆ ಅವಳನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ ಪಾಠ ನಡೆಯಿತು. "ಕೀ ಹೀಗೆ ತಿರುಗಿಸು. ಇದು ಏಸಿ. ಬೇರೆ ಏನನ್ನೂ ಮುಟ್ಟಬೇಡ." ಪಾಠ ಮುಗಿಸಿ ಕೊನೆಗೆ, "ಇರಲಿ, ನೀನು ಸುಮ್ಮನೆ ಕೂತಿರು. ಹೊತ್ತಿಗೆ ಸರಿಯಾಗಿ ನಾನೇ ಬಂದು ಹಾಕ್ತೀನಿ" ಎಂದುಬಿಟ್ಟರು.

ಆ ದಿನ ಬಿಸಿಲು ನೆತ್ತಿ ಸುಡುತ್ತಿತ್ತು. ಭಾವ ಕೊರಳಿನಿಂದ ದಾರ ತೆಗೆದು ಅಕ್ಕನ ಕೈಗೆ ಕೀಲಿ ಕೊಟ್ಟು, ಹತ್ತು ಹೆಜ್ಜೆ ನಡೆದು ಒಮ್ಮೆ, ಗೇಟಿನ ಹತ್ತಿರ ಇನ್ನೊಮ್ಮೆ ತಿರುಗಿ ನೋಡಿದರು. ಅಕ್ಕ ಕಿಟಕಿಯಿಂದ "ಹೋಗಿ, ಹೋಗಿ" ಎಂದು ಕೋಳಿ ಓಡಿಸುವ ಹಾಗೆ ಕೈಬೀಸಿದಳು.

ಇಸ್ತ್ರಿ ಮಾಡಿದ ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡು ಭಾವ ನಮ್ಮ ನಡುವೆ ನಿಂತರು. ಜಿರಾಫೆ ವೇದಿಕೆಗೆ ಬಂದಾಗ ಸುತ್ತಲಿನ ಕಿರುಚಾಟಕ್ಕೆ ನನ್ನ ಕಿವಿ ಗುಂಯ್‌ಗುಟ್ಟಿತು. ಭಾವ ಬಗ್ಗಿ ನನ್ನ ಕಿವಿಯಲ್ಲಿ, "ಇಷ್ಟು ಕುಳ್ಳನಾ?" ಎಂದರು. ದೂರದಿಂದ ನೋಡಿದರೆ ಹಾಗೇ ಕಾಣುವುದು ಎಂದು ಸಮಾಧಾನ ಮಾಡಿದೆ. ಮೊದಲ ಎರಡು ಹಾಡು ಅವರ ಕಣ್ಣು ವೇದಿಕೆಯ ಮೇಲೆ ಎಷ್ಟಿತ್ತೋ ಗೇಟಿನ ಮೇಲೂ ಅಷ್ಟೇ ಇತ್ತು. ಮೂರನೆಯದಕ್ಕೆ ಮೇಲಿನ ಗುಂಡಿ ಬಿಚ್ಚಿದರು. ಆಮೇಲೆ ನೋಡಿದರೆ ಎಡಗಾಲು ತಾಳಕ್ಕೆ ಕ್ಲಚ್ ಒತ್ತುತ್ತಿದೆ! ಗಿಟಾರಿನವನು ಮಂಡಿಯೂರಿ ಬಾರಿಸಿದಾಗ "ಹಾಂ, ಇದೇ, ಇದೇ!" ಎಂದು ಮೇಷ್ಟ್ರ ಬೆನ್ನಿಗೆ ಗುದ್ದಿದರು. ಮೇಷ್ಟ್ರು ಖುಷಿಯಿಂದ ಆ ಗುದ್ದು ತಿಂದರು. ನಮ್ಮ ಗುಮ್ಮಣ್ಣ ಕೂಗುವುದನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಅರ್ಧ ಹಾಡುಗಳಲ್ಲಿ ನಾನು ವೇದಿಕೆಯ ಕಡೆ ನೋಡಲೇ ಇಲ್ಲ.

ಅಷ್ಟರಲ್ಲಿ ಸಿಡಿಲು ಒಬ್ಬನೇ ಬಾರಿಸುವ ಜಾಗ ಬಂತು. ಭಾವನ ಮುಖ ಪೆಚ್ಚಾಯಿತು. "ಬಸ್ಸು" ಎಂದವರೇ ಜನರನ್ನು ಸೀಳಿಕೊಂಡು ಹೊರಟರು.

ನಾನು ಬೆನ್ನು ಹತ್ತಿದೆ. ಮೆಟ್ಟಿಲುಗಳ ತುದಿಯ ಗೇಟಿನಲ್ಲಿ ಕಾವಲಿನವನು ಕೈ ಅಡ್ಡ ಹಿಡಿದ. "ನೋಡಿ, ಹೊರಗೆ ಹೋದ್ರೆ ಮತ್ತೆ ಒಳಗೆ ಬಿಡಲ್ಲ."

ಭಾವ ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತರು.

"ಭಾವ, ಒಂದು ದಿನ ನಾವು ಬೆಂದ್ರೆ ಬೇಯ್ತೀವಿ ಬಿಡಿ. ನಾವೇನು ಬೆಣ್ಣೆನಾ, ಕರಗೋಕೆ?" ಎಂದು ಅವರ ಅಂಗಿ ಜಗ್ಗಿದೆ.

"ಆ ಹುಡುಗೀಗೆ ತಲೆ ಸುತ್ತಿತ್ತಲ್ಲ ಪುಟ್ಟಿ, ಮೊದಲನೇ ವರ್ಷ" ಎಂದರು. ಬಸ್ಸಿನವರೆಲ್ಲ ಮರೆತಿದ್ದ ಸಂಗತಿ ಅದು. "ನಿಮ್ಮಕ್ಕನಿಗೆ ಯಾವಾಗ ಹಾಕ್ಬೇಕು ಅಂತ ಗೊತ್ತಾಗಲ್ಲ."

ಆಗ ಅವರ ಜೇಬಿನಲ್ಲಿದ್ದ ಗುಂಡಿಯೊತ್ತುವ ಫೋನು ಕೂಗಿತು. ಅಕ್ಕನ ಗಂಟಲು ನನಗೂ ಕೇಳುವಷ್ಟು ದೊಡ್ಡದಿತ್ತು.

"ರೀ, ಹಾಕಿದೀನಿ. ತಣ್ಣಗಾಗ್ತಾ ಇದೆ."

"ಈಗಲೇ ಹಾಕ್ಬೇಕು ಅಂತ ನಿಂಗೆ ಹೇಗೆ ಗೊತ್ತಾಯ್ತು?"

"ಮೂರನೇ ಗಾಜು ಅದುರ್ತಲ್ಲ! ಇಷ್ಟು ವರ್ಷ ಊಟಕ್ಕೆ ಕೂತಾಗೆಲ್ಲ ನನಗೆ ಇನ್ನೇನು ಹೇಳಿದೀರಿ ನೀವು?"

ಭಾವನ ಮಾತೆಲ್ಲ ಎಲ್ಲಿ ಖರ್ಚಾಗುತ್ತಿತ್ತು ಎಂದು ನನಗೆ ಆಗ ಗೊತ್ತಾಯಿತು.

"ಆದ್ರೆ ಮುಂದಿನ ಗಾಜಿನ ಮೇಲೆ ಈ ಕಡ್ಡಿಗಳು ಓಡಾಡ್ತಿವೆ ಕಣ್ರೀ. ಎಲ್ಲಿ ಕೈ ತಗುಲಿತೋ ಏನೋ, ನಿಲ್ತಾನೇ ಇಲ್ಲ."

ಮೆಟ್ಟಿಲ ಮೇಲಿಂದ ಬಯಲು ಪೂರಾ ಕಾಣುತ್ತಿತ್ತು. ಸಾಲು ಬಸ್ಸುಗಳ ನಡುವೆ ನಮ್ಮ ನೀಲಿ ಬಸ್ಸು, ಸುಡುವ ಬಿಸಿಲಿನಲ್ಲಿ ಎರಡೂ ವೈಪರುಗಳು ಒಣ ಗಾಜನ್ನು ಕರಕರ ಉಜ್ಜುತ್ತಿದ್ದವು. ಭಾವ ಅದನ್ನು ನೋಡಿದರು. ಮಾಲೀಕರಿಗೆ ಬಿದ್ದ ಬೈಗುಳ ನೆನಪಾಗಿ ನಾನು ಕಣ್ಣು ಮುಚ್ಚಿಕೊಂಡೆ. ಹಿಂದುಗಡೆ ಕೊನೆಯ ಹಾಡಿನ ಮೊದಲ ತಂತಿ ಮಿಡಿಯಿತು.

"ಆಡ್ಕೊಳ್ಳಲಿ ಬಿಡು" ಎಂದರು ಭಾವ. ಫೋನು ಜೇಬಿಗೆ ಹಾಕಿ ಹೊರಗಿದ್ದ ಕಾಲನ್ನು ಒಳಗೆ ಎಳೆದುಕೊಂಡರು.

ನಮ್ಮ ಜಾಗಕ್ಕೆ ಹೋಗಲು ಹೊತ್ತಿರಲಿಲ್ಲ, ಕಾವಲಿನವನ ಪಕ್ಕದಲ್ಲೇ ನಿಂತೆವು. ಜಿರಾಫೆ ಮೊದಲ ಸಾಲು ಹಾಡಿ ಮೈಕಿನಿಂದ ಹಿಂದೆ ಸರಿದ. ಗಿಟಾರ್ ನಿಂತಿತು. ಡ್ರಮ್ಮೂ ನಿಂತಿತು.

"ಏನಾಯ್ತು? ಕರೆಂಟ್ ಹೋಯ್ತಾ?" ಭಾವ ಗಾಬರಿಯಾದರು.

"ಇಲ್ಲ ಭಾವ. ಈ ಹಾಡು ಹಾಡೋದು ನಾವು. ಅವರು ನಿಂತು ಕೇಳ್ತಾರೆ."

ಮೈದಾನಕ್ಕೆ ಮೈದಾನವೇ ಹಾಡುತ್ತಿತ್ತು. ಕಾವಲಿನವನೂ ಹಾಡುತ್ತಿದ್ದ. ಭಾವ ಸುತ್ತಲೂ ತಿರುಗಿ ನೋಡಿದರು, ಟೇಪಿನಲ್ಲಿ ಇಲ್ಲದ್ದು ಏನೆಂದು ಅವರಿಗೆ ತಿಳಿಯಿತು. ಆಮೇಲೆ ಬಾಯಿ ತೆರೆದರು. ಒಂದು ಪದವೂ ತಪ್ಪಲಿಲ್ಲ, ಒಂದು ಸ್ವರವೂ ಸರಿಯಿರಲಿಲ್ಲ. ಕ್ಲಚ್ ಒತ್ತದೆ ಗೇರ್ ಹಾಕಿದ ಹಾಗಿತ್ತು ಆ ದನಿ. ಕಣ್ಣೀರು ಒರೆಸಿಕೊಳ್ಳುವುದನ್ನೂ ಮರೆತು ಕೊನೆಯ ಸಾಲಿನವರೆಗೂ ಹಾಡಿದರು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ.

ಬಸ್ಸಿಗೆ ಬಂದಾಗ ಒಳಗೆ ಮಡಕೆ ನೀರಿನ ತಂಪು. ವೈಪರುಗಳು ಇನ್ನೂ ಆಡುತ್ತಿದ್ದವು. ಭಾವ ಅವನ್ನು ನಿಲ್ಲಿಸಿ, ಇಳಿದು, ಕಿತ್ತುಬಂದ ರಬ್ಬರನ್ನು ಬೆರಳಿನಲ್ಲಿ ಸವರಿದರು. ಅವರು ಹತ್ತಿ ಬಂದು ಅಕ್ಕನಿಗೆ ಹೇಳಿದ್ದು ಇಷ್ಟೇ: "ನೀನೂ ಕೇಳ್ಬೇಕಿತ್ತು ಕಣೇ, ಆ ಕೊನೇದನ್ನ."

"ಚೆನ್ನಾಗಿದೆ! ಈ ನಿಮ್ಮ ಇಂಜಿನ್ ಸದ್ದಿನಲ್ಲಿ ನನಗೇನು ಕೇಳಿಸುತ್ತೆ?" ಎಂದಳು ಅಕ್ಕ.

ಭಾವ ಕನ್ನಡಿ ಸರಿಮಾಡಿಕೊಳ್ಳುವ ನೆಪದಲ್ಲಿ ತಮ್ಮ ಮುಖ ನೋಡಿಕೊಂಡರು, ಆಮೇಲೆ ಪಕ್ಕದಲ್ಲಿದ್ದ ಅಕ್ಕನ ಮುಖ. ಗಾಡಿ ಹೊರಟಿತು.

ಈ ವರ್ಷ ಭಾವನಿಗೆ ಟಿಕೆಟ್ ಕೊಡಲು ಹೋದರೆ ಬೇಡವೆಂದರು. ಬಸ್ಸಿನಲ್ಲಿ ಜೊತೆಗಿರಲು ಅಕ್ಕನನ್ನು ಕರೆದುಕೊಂಡು ಬಂದಿದ್ದರು. ಹಾಡು ಮುಗಿಸಿ ನಾವು ವಾಪಸ್ ಬಂದಾಗ ಇಂಜಿನ್ ಆಫ್, ಕಿಟಕಿಗಳೆಲ್ಲ ತೆರೆದಿದ್ದವು, ಬಸ್ಸು ಮೊದಲ ವರ್ಷದ ಹಾಗೇ ಕಾದ ಒಲೆ. ಚಿಕ್ಕ ನರ್ಸು ಚೀಲದಿಂದ ಬೀಸಣಿಗೆ ತೆಗೆದಳು. ಬಡಗಿ ಬೆವರು ಒರೆಸಿಕೊಂಡು ಹಾಯ್ ಎಂದ. ಯಾರೂ ಗೊಣಗಲಿಲ್ಲ.

"ಕೊನೇ ಹಾಡು ಕೇಳಿಸ್ತೇನೇ ಅಕ್ಕ?" ಎಂದು ಕೇಳಿದೆ.

"ಎಲ್ಲಿ ಕೇಳಿಸುತ್ತೆ! ಪಕ್ಕದಲ್ಲಿ ಕೂತು ಇವರು ಹಾಡಿದ್ದೇ ಹಾಡಿದ್ದು. ಇದಕ್ಕಿಂತ ಇಂಜಿನ್ನೇ ವಾಸಿ ಕಣೇ" ಎಂದಳು. ಹಾಗೆನ್ನುವಾಗ ಅವಳ ಮುಖವೂ ಬೇರೆ ಥರವೇ ಇತ್ತು.