ಪಟಾಕಿಗೆ ತಿರುಗದ ತಲೆ

ನನ್ನ ಮಗಳು ಎಲ್ಲದರಲ್ಲೂ ಮುಂದಿದ್ದಳು. ಬೇಗ ಬೋರಲು ಬಿದ್ದಳು, ಬೇಗ ಕೂತಳು. ಅಂಬೆಗಾಲಿಟ್ಟು ಹೊಸ್ತಿಲು ದಾಟಿದ ದಿನ ನಮ್ಮತ್ತೆ ಕೊಳುಕಟ್ಟೆ ಕಡುಬು ಬೇಯಿಸಿ ಬೀದಿಗೆಲ್ಲ ಹಂಚಿದರು. ಮಾತು ಮಾತ್ರ ಬರಲಿಲ್ಲ. ಮೊದಮೊದಲು ಅಗು ಅಗು ಎನ್ನುತ್ತಿದ್ದವಳು ಹಲ್ಲು ಮೂಡುವ ಹೊತ್ತಿಗೆ ಅದನ್ನೂ ಬಿಟ್ಟಳು. ಒಂಬತ್ತು ತಿಂಗಳಾದರೂ ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ.

ಅದಕ್ಕೆ ನಮ್ಮ ಮನೆಯಲ್ಲಿ ಕಾರಣ ಸಿದ್ಧವಾಗಿತ್ತು. ತಲೆತಲಾಂತರದಿಂದ ಒಳಗೆ ಕನ್ನಡ, ಹೊರಗೆ ತಮಿಳು ಆಡುವ ಜನ ನಾವು. ತಮಿಳುನಾಡಿನ ನಮ್ಮೂರು ಹನುಮಂತನಪಟ್ಟಿಯಲ್ಲಿ ನಮ್ಮವರ ಮಗು ಸುಮ್ಮನಿದ್ದರೆ ಎರಡು ಭಾಷೆ ಸೇರಿ ಅದಕ್ಕೆ ಗೊಂದಲವಾಗಿದೆ ಎಂದೇ ಎಲ್ಲರ ತೀರ್ಮಾನ. ನನ್ನ ಗಂಡನೂ ಮೂರು ವರ್ಷ ತುಂಬುವವರೆಗೆ ಮಾತಾಡಿರಲಿಲ್ಲವಂತೆ. ಆ ಬಾಕಿಯನ್ನೆಲ್ಲ ಈಗ ನನ್ನ ಮೇಲೆ ತೀರಿಸುತ್ತಿದ್ದಾರೆ.

"ಇನ್ಮೇಲೆ ಕೊಳಂದೆ ಮುಂದೆ ತಮಿಳು ಮಟ್ಟುಂ ಆಡಿ, ಬೇರೆ ಬ್ಯಾಡ," ಎಂದು ಮಗುವಿನತ್ತ ಕೈ ತೋರಿ ಅವರೇ ಅಪ್ಪಣೆ ಹೊರಡಿಸಿದರು. "ನಾಳೆ ಪಳ್ಳಿಕ್ಕೂಡದಾಗೆ ಓದಾಕೆ ಅದೇ ತಾನೆ ಬೇಕು?"

ಅತ್ತೆ ಉರಿದುಬಿದ್ದರು. "ಯಾಕಪ್ಪಾ, ನಮ್ ಮಾತು ಆಡುದ್ರೆ ನಾಲ್ಗೆ ಸುಟ್ಟೋಯ್ತದಾ? ನನ್ ಮೊಮ್ಮಗ್ಳ ಕುಟ್ಟೆ ನಾನು ನಮ್ ಮಾತೇ ಆಡೋಳು."

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ, ಮಗು ಆಡದ ಮಾತಿಗೆ ಇಬ್ಬರೂ ಹೀಗೆ ಕಚ್ಚಾಡಿದರು. ನಡುವೆ ಸಿಕ್ಕಿದವಳು ನಾನು. ಕನ್ನಡದಲ್ಲಿ ಜೋಗುಳ ಶುರುಮಾಡುತ್ತಿದ್ದೆ, ಗಂಡ ಒಳಗೆ ಬಂದರೆ ತಮಿಳಿಗೆ ಹೊರಳುತ್ತಿದ್ದೆ. ನನ್ನ ಮಗಳ ಜೊತೆ ನಾನು ಮಾತಾಡಲು ಇನ್ನೊಬ್ಬರ ಮುಖ ನೋಡಬೇಕಲ್ಲ ಎಂದು ಮೈಯೆಲ್ಲ ಉರಿಯುತ್ತಿತ್ತು.

ನಮ್ಮ ತೋಟದ ದ್ರಾಕ್ಷಿ ಹಣ್ಣಾಗುವ ಕಾಲ ಬಂತು. ಗೊಂಚಲಿಗೆ ಗಿಳಿಗಳು ಮುತ್ತುತ್ತವೆ, ಅವನ್ನು ಓಡಿಸಲು ತೋಟದಲ್ಲಿ ಪಟಾಕಿ ಹೊಡೆಯುವುದು ವಾಡಿಕೆ. ಅಂದು ಬೆಳಿಗ್ಗೆ ಚಪ್ಪರದ ನೆರಳಲ್ಲಿ ಚಾಪೆ ಹಾಸಿ ಮಗಳನ್ನು ಕೂರಿಸಿದ್ದೆವು. ಪಕ್ಕದ ತೋಟದವಳ ಕೂಸೂ ಅಲ್ಲೇ ಇತ್ತು. ನನ್ನ ಗಂಡ ಮಕ್ಕಳ ಬೆನ್ನ ಹಿಂದೆ, ಸಾಲಿನ ಕೊನೆಯಲ್ಲಿ, ಬತ್ತಿಗೆ ಬೆಂಕಿ ಹಚ್ಚಿದರು.

ಢಂ ಎಂದಿತು. ಗಿಳಿಗಳು ಹಿಂಡಾಗಿ ಎದ್ದವು. ನಾಯಿ ಬಾಲ ಮುದುರಿ ಓಡಿತು. ಪಕ್ಕದವಳ ಕೂಸು ಕಿಟಾರನೆ ಕಿರುಚಿತು. ನನ್ನ ಮಗಳು ಒಣಗಿದ ದ್ರಾಕ್ಷಿ ಎಲೆಯೊಂದನ್ನು ಹರಿಯುತ್ತ ಕೂತಿದ್ದಳು.

ಅತ್ತೆ ಹಿಗ್ಗಿ ಹೋದರು. "ನೋಡ್ ತಾಯಿ, ಬೆದರ್ನೇ ಇಲ್ಲ! ಎಂಥಾ ಧೈರ್ಯ ನನ್ ಮೊಮ್ಮಗ್ಳಿಗೆ!"

ನಾನೂ ನಕ್ಕೆ. ನಗುತ್ತಿದ್ದಂತೆಯೇ ಅನುಮಾನ ಬಂತು. ಧೈರ್ಯ ಇರುವ ಮಗುವಾದರೂ ಒಮ್ಮೆ ತಿರುಗಿ ನೋಡಬೇಡವೇ? ಬುತ್ತಿಯ ಸ್ಟೀಲ್ ತಟ್ಟೆ ತೆಗೆದುಕೊಂಡು ಅವಳ ಹಿಂದೆ ಹೋಗಿ ಸೌಟಿನಿಂದ ಬಡಿದೆ. ಮತ್ತೆ ಬಡಿದೆ. ಕೈ ಜುಮ್ಮೆನ್ನುವಷ್ಟು ಬಡಿದೆ. ಅವಳ ಕತ್ತು ಅಲುಗಲಿಲ್ಲ. ಅತ್ತೆಯ ಮುಖದ ನಗು ಇಳಿಯಿತು, ಗಂಡ ಬೆಂಕಿಪೊಟ್ಟಣ ಹಿಡಿದು ನಿಂತಲ್ಲೇ ನಿಂತರು.

ತೇನಿಯ ಆಸ್ಪತ್ರೆಯಲ್ಲಿ ನಿದ್ದೆ ಮಾಡಿಸಿ, ತಲೆಗೆ ವೈರು ಅಂಟಿಸಿ ಪರೀಕ್ಷೆ ಮಾಡಿದರು. ಹುಟ್ಟಿನಿಂದಲೇ ಎರಡೂ ಕಿವಿ ತೀರಾ ಮಂದ ಎಂದರು ಡಾಕ್ಟರು. ಕನ್ನಡವೋ ತಮಿಳೋ ಎಂದು ನಾವು ಕಿತ್ತಾಡಿದ್ದರಲ್ಲಿ ಒಂದಕ್ಷರವೂ ಅವಳನ್ನು ತಲುಪಿರಲಿಲ್ಲ. ಊರಿಗೆ ಮರಳುವ ಬಸ್ಸಿನಲ್ಲಿ ಜನರೆದುರೇ ನಾನು ಗೊಳೋ ಎಂದು ಅತ್ತುಬಿಟ್ಟೆ.

ಆಮೇಲೆ ಎರಡೂ ಕಿವಿಗೆ ಮಷೀನು ಕೂರಿಸಿದರು. "ಈಗ ನೀವೇ ಕರೆಯಿರಿ" ಎಂದು ಡಾಕ್ಟರು ನನಗೆ ಹೇಳಿದರು. ನಾನು ಗಂಡನ ಮುಖ ನೋಡಿದೆ, ಅತ್ತೆಯ ಮುಖ ನೋಡಿದೆ.

"ಏನಾದ್ರೂ ಒಂದು ಆಡು ತಾಯಿ," ಎಂದರು ಅತ್ತೆ.

"ಕಂದಾ" ಎಂದೆ.

ಅವಳ ಮೈ ಸೆಟೆಯಿತು. ಕಣ್ಣುಗಳು ಅಗಲವಾದವು. ಮರುಕ್ಷಣ ಚೀರಿ ನನ್ನ ಎದೆಗೆ ಮುಖ ಒತ್ತಿದಳು. "ಅಳಬ್ಯಾಡ, ನಾನೇ, ಅಮ್ಮ" ಎಂದರೆ ಇನ್ನೂ ಬೆಚ್ಚಿದಳು. ನನ್ನ ದನಿಗೆ ಹೆದರಿಯೇ ಅವಳು ನನ್ನನ್ನು ಅಪ್ಪಿಕೊಂಡಿದ್ದಳು. ಅವಳನ್ನು ಸಮಾಧಾನ ಮಾಡಲು ನಾನು ಬಾಯಿ ಮುಚ್ಚಿಕೊಂಡು ಬೆನ್ನು ಸವರಬೇಕಾಯಿತು.