ಟವೆಲ್ ಹಾಕಿದ್ದ ಜಾಗ

ಹೆಬ್ಬೂರಿನಲ್ಲಿ ತುಮಕೂರಿನ ಬಸ್ಸು ಬಂದರೆ ದೊಡ್ಡಮ್ಮ ಕಿಟಕಿಯಿಂದ ಟವೆಲ್ ಎಸೆದು ನನಗೆ ಸೀಟು ಹಿಡಿಯುತ್ತಿದ್ದಳು. ಬೇರೆಯವರ ಟವೆಲ್ ಮೇಲೆ ನಾನು ಕೂರಹೋದರೆ ಕೈ ಜಗ್ಗುತ್ತಿದ್ದಳು. "ಏಯ್, ಟವೆಲ್ ಕಾಣಾಕಿಲ್ವೇನೇ? ಯಾರೋ ಜಾಗ ಹಿಡ್ದವ್ರೆ ಕಣೇ!" ಇಷ್ಟು ಸಣ್ಣ ನಿಯಮವನ್ನು ನಾನು ಕಂಪ್ಯೂಟರಿನ ಸಿ ಭಾಷೆಯಲ್ಲಿ ಬರೆಯುವಾಗ ಮರೆತೆ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಮರಳೂರಿನ ಒಂದು ಅಂಗಡಿ ಮಹಡಿಯ ಮೇಲೆ ನಾಲ್ಕು ಜನ ಸೇರಿ, ಹಾಲು ಪರೀಕ್ಷಿಸುವ ಮಿಷನ್ ಮಾಡುತ್ತಿದ್ದೆವು. ಪ್ರೋಗ್ರಾಂ ಬರೆದವಳು ನಾನು. ದೊಡ್ಡಮ್ಮನ ಊರಿನ ಡೈರಿಗೂ ಒಂದು ಕೊಟ್ಟಾಗ ನನಗೆ ಜಂಬವೋ ಜಂಬ.

ಧನುರ್ಮಾಸದ ಚಳಿಯಲ್ಲಿ ಒಂದು ಬೆಳಿಗ್ಗೆ ಆ ಮಿಷನ್ನು ದೊಡ್ಡಮ್ಮನ ಹಾಲಿಗೆ ನೀರು ಬೆರೆತಿದೆ ಎಂದಿತು. ಸಾಲಿನಲ್ಲಿ ಊರೇ ನಿಂತಿತ್ತು. ಸೆಕ್ರೆಟರಿ ನಕ್ಕ. "ಏನಕ್ಕಾ, ಹಸು ಜೊತೆಗೆ ಬಾವೀನೂ ಕರ್ದ್‌ಬುಟ್ಯಾ?" ಮೂರು ದಿನ ಇದೇ ಕಥೆ. ಮೂರನೆಯ ದಿನ ಅವಳು ಕ್ಯಾನಿನ ಹಾಲನ್ನು ಅಲ್ಲೇ ನೆಲಕ್ಕೆ ಸುರಿದು ಬಂದು, ಕಾಯಿನ್ ಬಾಕ್ಸ್‌ನಿಂದ ನನಗೆ ಫೋನ್ ಮಾಡಿದಳು.

"ನಿನ್ ಮಿಷನ್ನು ಸುಳ್ಳು ಹೇಳ್ತದೇನೇ?"

"ಮಿಷನ್ ಯಾಕೆ ಸುಳ್ಳು ಹೇಳುತ್ತೆ ದೊಡ್ಡಮ್ಮ? ಹೇಳೋರು ಜನ." ಈ ಮಾತು ಆಡಿದ ಬಾಯಿ ನನ್ನದೇ. ಅವಳು ಫೋನ್ ಇಟ್ಟಳು.

ತಿಂಗಳ ಮೇಲೆ, ಬೇರೇನೋ ತಿದ್ದಲು ಕೋಡ್ ತೆಗೆದವಳಿಗೆ ಒಂದು ಸಾಲು ಕಣ್ಣಿಗೆ ಬಿತ್ತು. ಮಿಷನ್ನಿನ ಪರದೆಗೆ ಬೇಕಾದ ಮೆಮೊರಿಯನ್ನು ಇದೇ ವಿಳಾಸದಲ್ಲಿ ಕೊಡು ಎಂದು ಬರೆದಿದ್ದೆ. ಅಷ್ಟೇ ಬರೆದು ಬಿಟ್ಟಿದ್ದರೆ, ಅಲ್ಲಿ ಯಾರಾದರೂ ಇದ್ದಾಗ ಸಿಸ್ಟಂ ಬೇರೆ ಜಾಗ ಕೊಡುತ್ತಿತ್ತು. ನಾನು ಹಟದಿಂದ 'ಫಿಕ್ಸೆಡ್', ಅಂದರೆ ಅಲ್ಲೇ ಬೇಕು, ಎಂದೂ ಸೇರಿಸಿದ್ದೆ. ಆಗ ಅದು ಕೇಳುವುದಿಲ್ಲ, ನೋಡುವುದಿಲ್ಲ. ಇದ್ದವರನ್ನು ಎಬ್ಬಿಸಿ ನಮ್ಮನ್ನು ಕೂರಿಸುತ್ತದೆ. ಒಂದು ಎರರ್ ಕೂಡ ಬರುವುದಿಲ್ಲ. ಅಲ್ಲಿ ಮೊದಲೇ ಕೂತಿದ್ದದ್ದು ಹಾಲು ಬಿಸಿಯೋ ತಣ್ಣಗೋ ನೋಡಿಕೊಂಡು ಲೆಕ್ಕ ಸರಿಪಡಿಸುವ ಪಟ್ಟಿ. ಅದರ ಬಾಲ, ಅಂದರೆ ತಣ್ಣನೆಯ ಹಾಲಿನ ಸಾಲುಗಳು, ಅಳಿಸಿಹೋಗಿದ್ದವು. ಹಾಲು ತಣ್ಣಗಿದ್ದರೆ ಸಾಕು, ಮಿಷನ್ನು ನೀರು ಬೆರೆತಿದೆ ಎನ್ನುತ್ತಿತ್ತು. ಊರೊಳಗಿನವರ ಹಾಲು ಕರೆದ ಬಿಸಿಯಲ್ಲೇ ಡೈರಿ ಸೇರುತ್ತಿತ್ತು. ತೋಟದ ಮನೆಯಿಂದ ಎರಡು ಮೈಲಿ ನಡೆದು ಬರುತ್ತಿದ್ದವಳು ದೊಡ್ಡಮ್ಮ ಒಬ್ಬಳೇ.

ಥೂ, ನನ್ನ ಜನ್ಮಕ್ಕಿಷ್ಟು! ಸಿಕ್ಕ ಬಸ್ಸು ಹತ್ತಿ ಹೋದೆ. ದೊಡ್ಡಮ್ಮ ಜಗಲಿಯ ಮೇಲೆ ಕೂತಿದ್ದಳು. ತಪ್ಪು ನನ್ನದು ಎಂದು ಅಳುತ್ತಾ ಹೇಳಿದೆ.

"ಅವತ್ತು ಊರ್ ಮುಂದೆ ನನ್ನ ಕಳ್ಳಿ ಮಾಡ್ದೆ," ಅಂದಳು. "ಇವತ್ತು ನನ್ನೊಬ್ಬಳ್ ಕಿವೀಲಿ ಹೇಳ್ತೀಯಾ?"

ಮರುದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ಹೋಗಿ, ಡೈರಿಯ ಸಾಲಿನ ಮುಂದೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ. ಯಾರೂ ನಗಲಿಲ್ಲ. ಸೆಕ್ರೆಟರಿ ತಲೆ ಕೆರೆದುಕೊಂಡ. "ತಪ್ಪಾಯ್ತು ಬುಡಕ್ಕ. ನಾಳಿಂದ ಹಾಲು ತಗೊಂಬಾ."

ದೊಡ್ಡಮ್ಮ ನನ್ನ ಕಡೆ ನೋಡಲಿಲ್ಲ.

"ಯಾವ್ ಹಸೂಂದು ತರ್ಲಪ್ಪ? ಇದ್ದೊಂದ್ನ ಮಾರಿ ಹದ್ನೈದ್ ದಿನ ಆಯ್ತು."